ಸಹಿ ಯಾರದು?

ಸೋಲಾಪುರದ ಜೂನಿ ಮಿಲ್ಲು ಶುರುವಾದದ್ದು 1877ರಲ್ಲಿ. ಅಕ್ಕಲಕೋಟ, ಇಂಡಿ, ಆಳಂದ ಸೀಮೆಯ ಕನ್ನಡಿಗರು, ತೆಲುಗು ನಾಡಿನ ಪದ್ಮಶಾಲಿಗಳು, ಸುತ್ತಲಿನ ಮರಾಠಿಗರು ಗಿರಣಿಯ ಭೋಂಗಾ ಕೇಳಿ ಎದ್ದು ಪಾಳಿಗೆ ಹೊರಡುವ ಊರಾಗಿ ಸೋಲಾಪುರ ಬೆಳೆಯಿತು. ನೂರು ವರ್ಷಗಳ ಹಿಂದೆ ಇಂಥ ಮನೆಯೊಂದರಲ್ಲಿ ದುಡಿಯುವ ಮಗ ರಾತ್ರಿಯೆಲ್ಲ ಒಬ್ಬನೇ ಮಾತಾಡತೊಡಗಿದರೆ, ಹೆತ್ತವರನ್ನೇ ಹಗೆಗಳೆಂದು ಬಗೆದರೆ, ಮನೆಯವರ ಮುಂದೆ ಎರಡು ದಾರಿಗಳಿದ್ದವು. ಒಂದು ದೇವರ ದಾರಿ. ರೈಲು ಹತ್ತಿ ಗಾಣಗಾಪುರಕ್ಕೆ ಹೋಗಿ ದತ್ತನ ಸನ್ನಿಧಿಯಲ್ಲಿ ಸೇವೆಗೆ ನಿಲ್ಲುವುದು. ಇನ್ನೊಂದು ಸರಕಾರದ ದಾರಿ. ಸೋಲಾಪುರ ಆಗ ಮುಂಬಯಿ ಪ್ರಾಂತದಲ್ಲಿತ್ತು. ಪ್ರಾಂತದ ಹುಚ್ಚಾಸ್ಪತ್ರೆಗಳಲ್ಲಿ ಒಂದು ಪುಣೆಯ ಯರವಡಾದಲ್ಲಿ, ಇನ್ನೊಂದು ಧಾರವಾಡದಲ್ಲಿ.

ಸರಕಾರದ ದಾರಿ ಹಿಡಿದವರು ಮೊದಲು ಕಚೇರಿಯ ಮೆಟ್ಟಿಲು ಹತ್ತಬೇಕಿತ್ತು. 1912ರ ಇಂಡಿಯನ್ ಲೂನಸಿ ಆ್ಯಕ್ಟ್ ಪ್ರಕಾರ ಮನೆಯವರು ಮ್ಯಾಜಿಸ್ಟ್ರೇಟರಿಗೆ ಅರ್ಜಿ ಬರೆಯಬೇಕು, ಇಬ್ಬರು ವೈದ್ಯರ ಸರ್ಟಿಫಿಕೇಟು ಲಗತ್ತಿಸಬೇಕು, ಮ್ಯಾಜಿಸ್ಟ್ರೇಟರು ದಾಖಲಾತಿಯ ಆದೇಶಕ್ಕೆ ಸಹಿ ಮಾಡಬೇಕು. ತಾನಾಗಿ ಸೇರಬಯಸುವ ರೋಗಿಗೆ ಒಂದು ಸಣ್ಣ ಕಿಂಡಿ ಇತ್ತು, ಅದಕ್ಕೂ ಆಸ್ಪತ್ರೆಯ ಮೇಲ್ವಿಚಾರಣೆಗೆ ನೇಮಕವಾದ ಇಬ್ಬರು ವಿಸಿಟರುಗಳು ಹೂಂ ಅನ್ನಬೇಕಿತ್ತು. ಉಳಿದ ಎಲ್ಲ ಕಾಗದಪತ್ರಗಳಲ್ಲಿ ಎಲ್ಲರ ಸಹಿಯೂ ಇರುತ್ತಿತ್ತು, ರೋಗಿಯದೊಂದನ್ನು ಬಿಟ್ಟು.

ದೇಹಕ್ಕೆ ಕಾಯಿಲೆ ಬಂದವನನ್ನು ‘ಆಪರೇಶನ್ ಮಾಡಲೇ?’ ಎಂದು ಕೇಳಬಹುದು. ಮನಸ್ಸಿಗೇ ಕಾಯಿಲೆ ಬಂದವನನ್ನು ಏನೆಂದು ಕೇಳುವುದು? ಅವನು ಬೇಡವೆಂದರೆ ಅದು ಅವನ ಮಾತೋ, ಕಾಯಿಲೆಯ ಮಾತೋ? ವೈದ್ಯಶಾಸ್ತ್ರದ ಬೇರೆ ಯಾವ ಶಾಖೆಗೂ ಈ ಪ್ರಶ್ನೆ ಇಷ್ಟು ಬಿಗಿಯಾಗಿ ಅಂಟಿಕೊಂಡಿಲ್ಲ. ಇದಕ್ಕೆ ನಮ್ಮ ದೇಶ ಕೊಟ್ಟ ಉತ್ತರ ನೂರು ವರ್ಷಗಳಲ್ಲಿ ನಾಲ್ಕಾರು ಸಲ ಬದಲಾಯಿತು. ಆ ಬದಲಾವಣೆಯ ಕಥೆ ಬಹಳಷ್ಟು ನಡೆದದ್ದು ಬೆಂಗಳೂರಿನ ಹೊಸೂರು ರಸ್ತೆಯ ಒಂದು ಆಸ್ಪತ್ರೆಯಲ್ಲಿ, ಮತ್ತು ಅಲ್ಲಿಂದ ಹೊರಟ ಮನೋವೈದ್ಯರ ಕೈಯಲ್ಲಿ.

ಗೋವಿಂದಸ್ವಾಮಿಯವರ ಕಾಲ

ಬೆಂಗಳೂರಿನ ಪೇಟೆಯ ಪಕ್ಕದಲ್ಲಿ ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ಹುಚ್ಚಾಸ್ಪತ್ರೆಯೊಂದು ಇತ್ತು. 1925ರಲ್ಲಿ ಮೈಸೂರು ಸರಕಾರ ಅದರ ಹೆಸರನ್ನು ‘ಮೆಂಟಲ್ ಹಾಸ್ಪಿಟಲ್’ ಎಂದು ಬದಲಿಸಿತು. ಮುಂದಿನ ದಶಕದಲ್ಲಿ, ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದಾಗ, ಅದು ಹೊಸೂರು ರಸ್ತೆಯ ಲಕ್ಕಸಂದ್ರದ ವಿಶಾಲ ಜಾಗಕ್ಕೆ ಹೋಯಿತು. ಆಗ ಆಸ್ಪತ್ರೆಯ ಹೊಣೆ ಹೊತ್ತಿದ್ದವರು ಡಾ. ಫ್ರಾಂಕ್ ನೊರೊನ್ಹಾ. ಲಂಡನ್ನಿನ ಮಾಡ್‌ಸ್ಲೀ ಆಸ್ಪತ್ರೆಯ ಮುಖ್ಯಸ್ಥ ಎಡ್ವರ್ಡ್ ಮ್ಯಾಪೊಥರ್ 1930ರ ದಶಕದ ಕೊನೆಯಲ್ಲಿ ಸಿಂಹಳಕ್ಕೆ ಬಂದವರು ಭಾರತದ ಹುಚ್ಚಾಸ್ಪತ್ರೆಗಳನ್ನೂ ಸುತ್ತಿ ನೋಡಿದರು. ಹೆಚ್ಚಿನವನ್ನು ಕಂಡು ಬೇಸತ್ತ ಅವರು ಬೆಂಗಳೂರಿನದನ್ನು ಮೆಚ್ಚಿಕೊಂಡರು.

ನೊರೊನ್ಹಾ ಅವರ ನಂತರ ಬಂದವರು ಡಾ. ಎಂ.ವಿ. ಗೋವಿಂದಸ್ವಾಮಿ. ಮನಃಶಾಸ್ತ್ರ ಮತ್ತು ವೈದ್ಯ ಎರಡನ್ನೂ ಓದಿ, ಲಂಡನ್ನಿನಲ್ಲೂ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲೂ ತರಬೇತಿ ಪಡೆದು ಬಂದಿದ್ದರು. ಒಂದು ಕಣ್ಣು ಯೂರೋಪಿನ ಹೊಸ ಚಿಕಿತ್ಸೆಗಳ ಮೇಲೆ, ಇನ್ನೊಂದು ಆಯುರ್ವೇದ ಹಾಗೂ ಭಾರತೀಯ ದರ್ಶನಗಳ ಮೇಲೆ ಇಟ್ಟಿದ್ದ ಮನುಷ್ಯ. ಆಗಿನ್ನೂ ಮಾತ್ರೆಗಳಿರಲಿಲ್ಲ. ಸ್ಕಿಜೋಫ್ರೀನಿಯಾ ರೋಗಿಗೆ ಇನ್ಸುಲಿನ್ ಚುಚ್ಚಿ ಪ್ರಜ್ಞೆ ತಪ್ಪಿಸುವುದು, ಕಾರ್ಡಿಯಜೋಲ್ ಕೊಟ್ಟು ಸೆಳವು ಬರಿಸುವುದು, 1938ರಲ್ಲಿ ರೋಮಿನಲ್ಲಿ ಹುಟ್ಟಿದ ಕರೆಂಟ್ ಚಿಕಿತ್ಸೆ, ಇವೇ ಅಂದಿನ ‘ಆಧುನಿಕ’ ಔಷಧ. ಗೋವಿಂದಸ್ವಾಮಿ ಇವೆಲ್ಲವನ್ನೂ ಬೆಂಗಳೂರಿಗೆ ತಂದರು.

ಅವುಗಳಲ್ಲಿ ತೀರಾ ಮುಂದೆ ಹೋದದ್ದು ಮಿದುಳಿನ ಮುಂಭಾಗದ ನರತಂತುಗಳನ್ನು ಕತ್ತರಿಸುವ ಲ್ಯೂಕಾಟಮಿ. ಪೋರ್ಚುಗಲ್ಲಿನ ಎಗಾಸ್ ಮೋನಿಜ್ 1935ರಲ್ಲಿ ಆರಂಭಿಸಿ, 1949ರಲ್ಲಿ ನೊಬೆಲ್ ಪಡೆದ ಶಸ್ತ್ರಚಿಕಿತ್ಸೆ ಇದು. ಗೋವಿಂದಸ್ವಾಮಿ ಮತ್ತು ಶಸ್ತ್ರವೈದ್ಯ ಬಿ.ಎನ್. ಬಾಲಕೃಷ್ಣರಾವ್ ಭಾರತೀಯ ರೋಗಿಗಳ ಮೇಲೆ ಇದನ್ನು ಮಾಡಿ 1944ರಲ್ಲೇ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ವರದಿ ಬರೆದರು. ಯುದ್ಧದ ನಡುವೆ ಬೆಂಗಳೂರಿನಿಂದ ಇಂಥ ವರದಿ ಹೋದದ್ದು ಆ ಕಾಲಕ್ಕೆ ಹೆಮ್ಮೆಯ ಸಂಗತಿ. ಆದರೆ ಮಿದುಳಿಗೆ ಕತ್ತರಿ ಹಾಕುವ ಮುನ್ನ ರೋಗಿಯ ಒಪ್ಪಿಗೆ ಪಡೆಯಬೇಕೆಂದು ಅಂದಿನ ಕಾನೂನು ಎಲ್ಲೂ ಹೇಳುತ್ತಿರಲಿಲ್ಲ. ಮ್ಯಾಜಿಸ್ಟ್ರೇಟರ ಸಹಿಯೊಂದಿಗೆ ಒಳಗೆ ಬಂದವನ ಮೇಲೆ ಮುಂದಿನ ಎಲ್ಲ ತೀರ್ಮಾನಗಳೂ ವೈದ್ಯರವು. ಪ್ರಯೋಗಕ್ಕೆ ಒಳಗಾಗುವವನ ಒಪ್ಪಿಗೆಯೇ ಮೊದಲ ಷರತ್ತು ಎಂದ ನ್ಯೂರೆಂಬರ್ಗ್ ಸಂಹಿತೆ ಬಂದದ್ದು 1947ರಲ್ಲಿ, ನಾಜಿ ವೈದ್ಯರ ವಿಚಾರಣೆಯ ನಂತರ. ಗೋವಿಂದಸ್ವಾಮಿಯವರನ್ನು ಇಂದಿನ ನಿಯಮ ಹಿಡಿದು ತೂಗುವುದು ಅನ್ಯಾಯ. ಅವರ ಎದುರಿಗಿದ್ದವರು ವರ್ಷಗಟ್ಟಲೆ ಕತ್ತಲ ಕೋಣೆಯಲ್ಲಿ ಕೊಳೆಯುತ್ತಿದ್ದ ರೋಗಿಗಳು. ಕೈಕಟ್ಟಿ ಕೂರುವುದೂ ಅಂದು ಒಂದು ಅಪರಾಧವೇ ಆಗಿತ್ತು. ವೈದ್ಯನ ಕಳಕಳಿಯೇ ರೋಗಿಗೆ ರಕ್ಷಣೆ ಎಂದು ನಂಬಿದ ಯುಗ ಅದು. ಆ ನಂಬಿಕೆಯ ಮಿತಿ ಕಾಣಲು ಇನ್ನೂ ಕೆಲವು ದಶಕಗಳು ಬೇಕಾದವು.

ಭೋರ್ ಸಮಿತಿಯ 1946ರ ವರದಿ ಮನೋವೈದ್ಯರ ಕೊರತೆಯನ್ನು ಎತ್ತಿ ತೋರಿಸಿತ್ತು. ಅದರ ಫಲವಾಗಿ 1954ರಲ್ಲಿ ಇದೇ ಆವರಣದಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. ಗೋವಿಂದಸ್ವಾಮಿ ಅದರ ಮೊದಲ ನಿರ್ದೇಶಕರಾದರು. 1974ರ ಡಿಸೆಂಬರ್ 27ರಂದು ಸಂಸ್ಥೆಯೂ ಆಸ್ಪತ್ರೆಯೂ ಒಂದಾಗಿ ನಿಮ್ಹಾನ್ಸ್ ಆಯಿತು.

ಮನೆಯವರು ಒಳಗೆ ಬಂದರು

ಇದೇ 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಬೇರೆಯದೇ ಒಂದು ಪ್ರಯೋಗಕ್ಕೆ ಕೈಹಾಕಿದರು. ಹಾಸಿಗೆಗಳು ಸಾಲುತ್ತಿರಲಿಲ್ಲ. ಅವರು ಆವರಣದಲ್ಲಿ ಡೇರೆ ಹಾಕಿಸಿ, ರೋಗಿಯ ಜೊತೆ ಮನೆಯವರೂ ಉಳಿಯಲಿ ಅಂದರು. ದಿನವೂ ಎಲ್ಲರನ್ನೂ ಕೂರಿಸಿಕೊಂಡು ಕಾಯಿಲೆಯ ಬಗ್ಗೆ ಮಾತಾಡಿದರು. ರೋಗಿಗಳು ಬೇಗ ಚೇತರಿಸಿಕೊಂಡರು. ಅದಕ್ಕಿಂತ ಮುಖ್ಯವಾಗಿ, ಮನೆಗೆ ವಾಪಸಾದರು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಮಾನಸಿಕ ಆರೋಗ್ಯ ಕೇಂದ್ರವೂ ಮನೆಯವರನ್ನು ಜೊತೆಗೆ ಉಳಿಸಿಕೊಳ್ಳುವ ಪದ್ಧತಿಯನ್ನೇ ಹಿಡಿಯಿತು, ಬೆಂಗಳೂರಿನಲ್ಲೂ ಕುಟುಂಬದ ವಾರ್ಡುಗಳು ಬಂದವು. ಪಶ್ಚಿಮದಲ್ಲಿ ಇಂಥದು ತೀರಾ ಅಪರೂಪವಾಗಿದ್ದ ಕಾಲ.

ಬೆಂಗಳೂರಿನ ಸಂಸ್ಥೆಯ ನಿರ್ದೇಶಕರಾಗಿದ್ದ ಡಾ. ಎನ್.ಸಿ. ಸೂರ್ಯ ಈ ಬದಲಾವಣೆಗೆ ವಿಚಾರದ ತಳಹದಿ ಹುಡುಕಿದವರು. 1964ರಲ್ಲಿ ಎಸ್.ಎಸ್. ಜಯರಾಂ ಜೊತೆಗೂಡಿ ಬರೆದ ಲೇಖನದಲ್ಲಿ ಅವರು ಎತ್ತಿದ ಮಾತು ಇಂದಿಗೂ ಚರ್ಚೆಯಾಗುತ್ತದೆ. ನಮ್ಮ ರೋಗಿ ವೈದ್ಯರ ಬಳಿ ವ್ಯವಹಾರದ ಕರಾರಿಗೆ ಬರುವುದಿಲ್ಲ. ಹಿರಿಯರೊಬ್ಬರ ಆಸರೆಗೆ, ನೇರವಾದ ಸಲಹೆಗೆ ಬರುತ್ತಾನೆ. ಆದ್ದರಿಂದ ಪಶ್ಚಿಮದ ಮನೋಚಿಕಿತ್ಸೆಯನ್ನು ಇದ್ದಕ್ಕಿದ್ದಂತೆ ಇಲ್ಲಿ ನೆಟ್ಟರೆ ಅದು ಬೇರು ಬಿಡದು. ಸೂರ್ಯ ಮುಂದೆ ಹುದ್ದೆ ಬಿಟ್ಟು ಪಾಂಡಿಚೇರಿಯ ಅರವಿಂದಾಶ್ರಮ ಸೇರಿದರು.

ಹೀಗೆ ಮ್ಯಾಜಿಸ್ಟ್ರೇಟರ ಜಾಗಕ್ಕೆ ಅಪ್ಪ, ಅಣ್ಣ, ಗಂಡ ಬಂದರು. ಅದು ನಿಜವಾಗಿಯೂ ಮನುಷ್ಯತ್ವದ ಬೆಳವಣಿಗೆ. ಆದರೆ ಮನೆಯವರ ಹಿತವೂ ರೋಗಿಯ ಹಿತವೂ ಯಾವಾಗಲೂ ಒಂದೇ ಆಗಿರುವುದಿಲ್ಲ. ಆಸ್ತಿಯ ಜಗಳ, ಬೇಡವಾದ ಹೆಂಡತಿ, ಮದುವೆಗೆ ಒಪ್ಪದ ಮಗಳು ಎಂಬ ಕಾರಣಗಳಿಗೆ ಹುಚ್ಚಿನ ಹಣೆಪಟ್ಟಿ ಹಚ್ಚಿದ ಉದಾಹರಣೆಗಳು ನಮ್ಮ ಊರುಗಳಲ್ಲಿ ಕಡಿಮೆಯೇನಿಲ್ಲ. ಮನೆಯವರ ಸಹಿಯನ್ನು ರೋಗಿಯ ಸಹಿ ಎಂದೇ ತಿಳಿದ ಕಾಲಕ್ಕೆ ಈ ವ್ಯತ್ಯಾಸ ಕಾಣಲಿಲ್ಲ.

ಕೋಟದಿಂದ ಬಳ್ಳಾರಿಗೆ

ಆಸ್ಪತ್ರೆಗೆ ಬಂದವರ ಹಕ್ಕಿನ ಮಾತು ಒಂದು ಕಡೆ. ಬರಲೇ ಆಗದವರ ಗತಿ? ಡಾ. ಆರ್.ಎಲ್. ಕಪೂರ್ ಈ ಪ್ರಶ್ನೆಯನ್ನು ಕರಾವಳಿಯ ಕೋಟಕ್ಕೆ ಒಯ್ದರು. ಬ್ರಿಟಿಷ್ ಮನೋವೈದ್ಯ ಜಿ.ಎಂ. ಕಾರ್ಸ್ಟೇರ್ಸ್ ಜೊತೆ ಅಲ್ಲಿ ನಡೆಸಿದ ಅಧ್ಯಯನ 1976ರಲ್ಲಿ ‘ದ ಗ್ರೇಟ್ ಯೂನಿವರ್ಸ್ ಆಫ್ ಕೋಟ’ ಪುಸ್ತಕವಾಗಿ ಬಂತು. ಬ್ರಾಹ್ಮಣ, ಬಂಟ, ಮೊಗವೀರ ಕುಟುಂಬಗಳ ಮನೆಮನೆಗೆ ಹೋಗಿ ಅವರು ಕಂಡದ್ದು ಸರಳ ಸತ್ಯ: ಮನಸ್ಸಿನ ನೋವು ಊರ ತುಂಬ ಇದೆ, ಜನ ಮಂತ್ರವಾದಿ, ವೈದ್ಯ, ಪಾತ್ರಿ, ಡಾಕ್ಟರು ಎಲ್ಲರ ಬಳಿಗೂ ಹೋಗುತ್ತಾರೆ, ಓದು ಬಂದವರೂ ಇದಕ್ಕೆ ಹೊರತಲ್ಲ. ಒಬ್ಬರ ಬಳಿ ಹೋದರೆ ಇನ್ನೊಬ್ಬರನ್ನು ಬಿಟ್ಟಂತೆ ಎಂಬ ಭಾವನೆ ಅವರಿಗಿಲ್ಲ. ಗಾಣಗಾಪುರ ಬಲ್ಲ ಸೋಲಾಪುರದವರಿಗೆ ಇದು ಹೊಸ ವಿಷಯವಲ್ಲ. ಮನೋವೈದ್ಯರಿಗೆ ಮಾತ್ರ ಹೊಸದಾಗಿತ್ತು.

ಕಪೂರ್ 1975ರ ಹೊತ್ತಿಗೆ ನಿಮ್ಹಾನ್ಸ್‌ನಲ್ಲಿ ಸಮುದಾಯ ಮನೋವೈದ್ಯ ಘಟಕ ಕಟ್ಟಿದರು. ಬನ್ನೇರುಘಟ್ಟದ ಕಡೆಯ ಸಕಲವಾರ ಹಳ್ಳಿಯಲ್ಲಿ ಕೇಂದ್ರ ತೆರೆಯಿತು. ಅದೇ ಹೊತ್ತಿಗೆ ಹರಿಯಾಣದ ರಾಯಪುರ ರಾಣಿಯಲ್ಲಿ ಚಂಡೀಗಡದ ಡಾ. ಎನ್.ಎನ್. ವಿಗ್ ಅವರ ತಂಡ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಇಂಥದೇ ಪ್ರಯೋಗ ನಡೆಸಿತ್ತು. ಆ ತಂಡದಲ್ಲಿದ್ದ ಡಾ. ಆರ್. ಶ್ರೀನಿವಾಸಮೂರ್ತಿ 1980ರ ದಶಕದ ಆರಂಭದಲ್ಲಿ ಬೆಂಗಳೂರಿಗೆ ಬಂದರು. 1982ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮದ ರೂಪರೇಷೆಯ ಹಿಂದೆ ಈ ಎರಡೂ ಊರುಗಳ ಅನುಭವವಿತ್ತು.

ಶ್ರೀನಿವಾಸಮೂರ್ತಿಯವರ ವೃತ್ತಿಜೀವನದ ಉದ್ದಕ್ಕೂ ಒಂದೇ ಹಟ ಕಾಣುತ್ತದೆ. ಚಿಕಿತ್ಸೆ ಇದ್ದೂ ಅದು ಜನರಿಗೆ ಸಿಗದಿರುವುದೇ ವೈದ್ಯ ಮಾಡುವ ದೊಡ್ಡ ಅನೀತಿ ಎಂಬ ಹಟ. 1984ರ ಡಿಸೆಂಬರಿನ ಭೋಪಾಲ ಅನಿಲ ದುರಂತದ ನಂತರ, 1985ರಲ್ಲಿ ನಿಮ್ಹಾನ್ಸ್ ತಂಡದೊಂದಿಗೆ ಹೋಗಿ ಅಲ್ಲಿನ ಸಾಮಾನ್ಯ ವೈದ್ಯರಿಗೆ ಸಂತ್ರಸ್ತರ ಮನಸ್ಸನ್ನು ಓದುವ ತರಬೇತಿ ಕೊಟ್ಟರು. ಕೆಮ್ಮು, ಕಣ್ಣುರಿ ಬಿಟ್ಟು ಉಳಿದದ್ದೆಲ್ಲ ಪರಿಹಾರದ ದುಡ್ಡಿಗಾಗಿ ಆಡುವ ನಾಟಕವೆಂದು ತಳ್ಳಿಹಾಕುವುದು ಸುಲಭವಾಗಿದ್ದ ಹೊತ್ತು ಅದು. ಮುಂದೆ ವಿಶ್ವ ಆರೋಗ್ಯ ಸಂಸ್ಥೆ ತನ್ನ 2001ರ ವಿಶ್ವ ಆರೋಗ್ಯ ವರದಿಯನ್ನು ಪೂರ್ತಿಯಾಗಿ ಮಾನಸಿಕ ಆರೋಗ್ಯಕ್ಕೆ ಮೀಸಲಿಟ್ಟಾಗ ಅದರ ಪ್ರಧಾನ ಸಂಪಾದಕರೂ ಅವರೇ ಆದರು.

ಸಮುದಾಯ ಮನೋವೈದ್ಯದ ನಿಜವಾದ ಪರೀಕ್ಷೆ ನಡೆದದ್ದು ಬಳ್ಳಾರಿಯಲ್ಲಿ. 1985ರಿಂದ 1990ರವರೆಗೆ, ಸುಮಾರು 20 ಲಕ್ಷ ಜನರಿದ್ದ ಆ ಜಿಲ್ಲೆಯಲ್ಲಿ ಡಾ. ಮೋಹನ್ ಐಸಾಕ್ ಮತ್ತು ಸಂಗಡಿಗರು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನೂ ಆರೋಗ್ಯ ಕಾರ್ಯಕರ್ತರನ್ನೂ ತಯಾರು ಮಾಡಿದರು. ಸ್ಕಿಜೋಫ್ರೀನಿಯಾ, ಖಿನ್ನತೆ, ಮೂರ್ಛೆರೋಗಗಳಿಗೆ ಬೇಕಾದ ಬೆರಳೆಣಿಕೆಯ ಔಷಧಗಳು ಹತ್ತಿರದ ಆರೋಗ್ಯ ಕೇಂದ್ರದಲ್ಲೇ ಸಿಗುವಂತಾಯಿತು. ಮನೆಮನೆಗೆ ಹೋಗುವ ಕಾರ್ಯಕರ್ತೆಯರು ರೋಗಿಗಳನ್ನು ಗುರುತಿಸಿದರು, ಔಷಧ ಬಿಟ್ಟವರನ್ನು ಮತ್ತೆ ಕರೆತಂದರು. ಮ್ಯಾಜಿಸ್ಟ್ರೇಟರ ಆದೇಶದ ಮಾತೇ ಇಲ್ಲದ ಚಿಕಿತ್ಸೆ ಇದು. ಜ್ವರಕ್ಕೆ ಬಂದಂತೆ ಬಂದು, ಮಾತ್ರೆ ತೆಗೆದುಕೊಂಡು, ಸಂಜೆ ಮನೆಗೆ ಹೋಗುವುದು. ಬೀಗವೇ ಇಲ್ಲದಲ್ಲಿ ಬಲವಂತದ ಪ್ರಶ್ನೆಯೂ ಅರ್ಧಕ್ಕರ್ಧ ಕರಗುತ್ತದೆಂದು ಬಳ್ಳಾರಿ ತೋರಿಸಿತು. 1996ರಲ್ಲಿ ಕೇಂದ್ರ ಸರಕಾರ ಇದೇ ಮಾದರಿಯಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭಿಸಿತು.

ಇದೇ ಸಮುದಾಯ ಘಟಕದಲ್ಲಿ ದುಡಿದ ಡಾ. ಸಿ.ಆರ್. ಚಂದ್ರಶೇಖರ್ ಮಾಡಿದ ಕೆಲಸವನ್ನೂ ಈ ಸಾಲಿನಲ್ಲೇ ಇಡಬೇಕು. ಮನಸ್ಸಿನ ಕಾಯಿಲೆಗಳ ಬಗ್ಗೆ ತಿಳಿಗನ್ನಡದಲ್ಲಿ ಪುಸ್ತಕದ ಮೇಲೆ ಪುಸ್ತಕ ಬರೆದರು, ಪತ್ರಿಕೆಗಳಲ್ಲಿ ಓದುಗರ ಪ್ರಶ್ನೆಗಳಿಗೆ ಉತ್ತರಿಸಿದರು. ತನ್ನ ಕಾಯಿಲೆ ಏನೆಂದು ತನ್ನ ಭಾಷೆಯಲ್ಲಿ ತಿಳಿಯದವನು ಕೊಡುವ ಒಪ್ಪಿಗೆಗೆ ಬೆಲೆಯೇನು? 2024ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು.

ನ್ಯಾಯಾಲಯ ಕೇಳಿದ ಲೆಕ್ಕ

ಹಳ್ಳಿಯಲ್ಲಿ ಹೊಸ ಗಾಳಿ ಬೀಸುತ್ತಿದ್ದಾಗ ಹಳೆಯ ಆಸ್ಪತ್ರೆಗಳ ಗೋಡೆಗಳು ಹಾಗೆಯೇ ಇದ್ದವು. ಲೂನಸಿ ಆ್ಯಕ್ಟ್ ಹೋಗಿ 1987ರ ಮಾನಸಿಕ ಆರೋಗ್ಯ ಕಾಯಿದೆ ಬಂತು. ಜಾರಿಗೆ ಬರಲು 1993 ಆಯಿತು. ಭಾರತೀಯ ಮನೋವೈದ್ಯರ ಸಂಘ 1989ರಲ್ಲಿ ತನ್ನ ನೀತಿಸೂತ್ರಗಳನ್ನು ಅಂಗೀಕರಿಸಿತು. ಅದಕ್ಕೆ ಮುಂಚೆ, ಸೋವಿಯತ್ ಒಕ್ಕೂಟದಲ್ಲಿ ರಾಜಕೀಯ ವಿರೋಧಿಗಳನ್ನು ರೋಗಿಗಳೆಂದು ಹೆಸರಿಟ್ಟು ಕೂಡಿಹಾಕುತ್ತಿದ್ದ ಸುದ್ದಿ ಜಗತ್ತನ್ನು ಕಲಕಿದಾಗ, ವಿಶ್ವ ಮನೋವೈದ್ಯ ಸಂಘ 1977ರಲ್ಲಿ ಮನೋವೈದ್ಯರು ಪಾಲಿಸಬೇಕಾದ ನೀತಿಗಳ ಹವಾಯಿ ಘೋಷಣೆ ಹೊರಡಿಸಿತ್ತು.

ಕಾಗದದ ಮೇಲಿನ ಸೂತ್ರಗಳಿಗೂ ವಾರ್ಡಿನ ಒಳಗಿಗೂ ಇದ್ದ ದೂರವನ್ನು ಅಳೆದದ್ದು ನ್ಯಾಯಾಲಯ. ಪತ್ರಕರ್ತೆ ಶೀಲಾ ಬರ್ಸೆ ಅವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1993ರಲ್ಲಿ, ಅಪರಾಧ ಮಾಡದ ಮಾನಸಿಕ ರೋಗಿಗಳನ್ನು ಜೈಲಿನಲ್ಲಿಡುವುದು ಸಂವಿಧಾನಬಾಹಿರ ಎಂದಿತು. 1997ರಲ್ಲಿ ರಾಂಚಿ, ಆಗ್ರಾ, ಗ್ವಾಲಿಯರ್ ಆಸ್ಪತ್ರೆಗಳ ಮೇಲ್ವಿಚಾರಣೆಯನ್ನು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕೆ ಒಪ್ಪಿಸಿತು. ಆಯೋಗದ ಅಧ್ಯಕ್ಷರು ಆಗ ನಮ್ಮವರೇ ಆದ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯ. ಆಯೋಗ ದೇಶದ ಎಲ್ಲ ಮಾನಸಿಕ ಆಸ್ಪತ್ರೆಗಳ ಸಮೀಕ್ಷೆಯ ಹೊಣೆಯನ್ನು ನಿಮ್ಹಾನ್ಸ್‌ಗೆ ವಹಿಸಿತು. ಮಾಜಿ ನಿರ್ದೇಶಕ ಡಾ. ಎಸ್.ಎಂ. ಚನ್ನಬಸವಣ್ಣ ಅವರ ನೇತೃತ್ವದ ತಂಡ 37 ಆಸ್ಪತ್ರೆಗಳನ್ನು ಸುತ್ತಿ 1999ರಲ್ಲಿ ವರದಿ ಕೊಟ್ಟಿತು. ನೂರರಲ್ಲಿ 38 ಆಸ್ಪತ್ರೆಗಳು ಕಟ್ಟಿದಾಗಿನ ಜೈಲಿನ ರೂಪವನ್ನೇ ಉಳಿಸಿಕೊಂಡಿದ್ದವು. ರೋಗಿಯನ್ನು ‘ಇನ್‌ಮೇಟ್’, ಶುಶ್ರೂಷೆ ಮಾಡುವವನನ್ನು ‘ವಾರ್ಡರ್’ ಎಂದೇ ಕರೆಯಲಾಗುತ್ತಿತ್ತು.

ಮನೋವೈದ್ಯರೇ ಮನೋವೈದ್ಯರ ಮನೆಯನ್ನು ಜಪ್ತಿ ಮಾಡಿದಂತಿದ್ದ ಈ ವರದಿ ವೃತ್ತಿಯ ಇತಿಹಾಸದಲ್ಲಿ ಒಂದು ಕವಲು. ಸಹೋದ್ಯೋಗಿಯ ತಪ್ಪು ಮುಚ್ಚುವುದೇ ವೃತ್ತಿನಿಷ್ಠೆ ಎಂದಿದ್ದ ರೂಢಿಯನ್ನು ಅದು ಮುರಿಯಿತು.

ಸರಪಳಿ ಮತ್ತು ಸನ್ನಿಧಿ

ಆ ವರದಿ ಬಂದು ಎರಡು ವರ್ಷ ಕಳೆಯುವಷ್ಟರಲ್ಲಿ, 2001ರ ಆಗಸ್ಟ್ 6ರ ಬೆಳಗಿನ ಜಾವ, ತಮಿಳುನಾಡಿನ ರಾಮನಾಥಪುರ ಜಿಲ್ಲೆಯ ಏರ್ವಾಡಿಯಲ್ಲಿ ಬೆಂಕಿ ಬಿತ್ತು. ದರ್ಗಾದ ಸುತ್ತ ಬೆಳೆದಿದ್ದ ಖಾಸಗಿ ಆಶ್ರಯತಾಣಗಳಲ್ಲಿ ಒಂದು ಅದು. ರೋಗಿಗಳು ಸರಪಳಿಯಲ್ಲಿದ್ದರು. 28 ಜನ ಸುಟ್ಟು ಸತ್ತರು. ಸುಪ್ರೀಂ ಕೋರ್ಟ್ ತಾನಾಗಿ ಪ್ರಕರಣ ಕೈಗೆತ್ತಿಕೊಂಡಿತು. ಪರವಾನಗಿ ಇಲ್ಲದ ತಾಣಗಳನ್ನು ಮುಚ್ಚಿಸಲಾಯಿತು, ರಾಜ್ಯಗಳು ತಮ್ಮಲ್ಲಿನ ಮಾನಸಿಕ ಆರೋಗ್ಯ ಸೌಲಭ್ಯದ ಲೆಕ್ಕ ಒಪ್ಪಿಸಬೇಕಾಯಿತು.

ದೇಗುಲ, ದರ್ಗಾಗಳೆಲ್ಲ ಮೂಢನಂಬಿಕೆಯ ಗೂಡುಗಳೆಂಬ ಮಾತು ಜೋರಾಗಿದ್ದ ಹೊತ್ತಿಗೇ ನಿಮ್ಹಾನ್ಸ್‌ನ ಡಾ. ಆರ್. ರಘುರಾಂ ಮತ್ತು ಜೊತೆಗಾರರ ಅಧ್ಯಯನ 2002ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಬಂತು. ತಮಿಳುನಾಡಿನ ಮುತ್ತುಸ್ವಾಮಿ ದೇಗುಲದಲ್ಲಿ ಬಂದು ಉಳಿದ 31 ರೋಗಿಗಳನ್ನು ಅವರು ಗಮನಿಸಿದ್ದರು. ಅಲ್ಲಿ ಮಂತ್ರವಾದವಿಲ್ಲ, ದುಡ್ಡು ಕೀಳುವುದಿಲ್ಲ, ಕಟ್ಟಿಹಾಕುವುದಿಲ್ಲ. ರೋಗಿಯೂ ಒಬ್ಬ ಸಂಬಂಧಿಕರೂ ಆರು ವಾರದಷ್ಟು ಕಾಲ ತಂಗಿ ದಿನನಿತ್ಯದ ಕೆಲಸಗಳಲ್ಲಿ ಕೈಗೂಡಿಸುತ್ತಾರೆ, ಅಷ್ಟೆ. ರೋಗಲಕ್ಷಣಗಳ ಅಂಕ ನೂರಕ್ಕೆ 20ರಷ್ಟು ಇಳಿದಿತ್ತು, ಔಷಧಗಳಿಂದ ಆಗುವ ಸುಧಾರಣೆಗೆ ಹತ್ತಿರದ ಇಳಿಕೆ. ಚಿಕ್ಕ ಅಧ್ಯಯನ, ಹೋಲಿಕೆಗೆ ಇನ್ನೊಂದು ಗುಂಪಿರಲಿಲ್ಲ. ಆದರೂ ಏರ್ವಾಡಿಯ ಬಳಿಕ ಎಲ್ಲರೂ ಒಂದೇ ದಿಕ್ಕಿಗೆ ಓಡುತ್ತಿದ್ದಾಗ ನಿಂತು ನೋಡುವ ಧೈರ್ಯ ಅದರಲ್ಲಿತ್ತು. ಕೊಂದದ್ದು ದೇವರಲ್ಲ, ಸರಪಳಿ. ಗುಣಪಡಿಸಿದ್ದು ಪವಾಡಕ್ಕಿಂತ ಹೆಚ್ಚಾಗಿ ಗೌರವದ ನಡವಳಿಕೆ.

ನಮ್ಮ ಕಡೆಗೆ ಇದು ನೇರವಾಗಿ ಸಂಬಂಧಪಟ್ಟದ್ದು. ಗಾಣಗಾಪುರದಲ್ಲಿ ಮಧ್ಯಾಹ್ನದ ಆರತಿಯ ಹೊತ್ತಿಗೆ ಮೈಮೇಲೆ ಬಂದವರು ಕಂಬ ತಬ್ಬಿ ಚೀರಾಡುವುದನ್ನು ನೋಡದ ಸೋಲಾಪುರದ ಮನೆ ವಿರಳ. ಅಕ್ಕಲಕೋಟದ ಸ್ವಾಮಿ ಸಮರ್ಥರ ಮಠಕ್ಕೆ ಹರಕೆ ಹೊತ್ತು ಹೋಗುವವರಲ್ಲಿ ಮನಸ್ಸು ಕುಸಿದವರೂ ಇರುತ್ತಾರೆ. ಆ ಸಮಾಧಾನವನ್ನು ಕಿತ್ತುಕೊಳ್ಳುವ ಹಕ್ಕು ಯಾವ ವೈದ್ಯನಿಗೂ ಇಲ್ಲ. ಭೂತ ಬಿಡಿಸುತ್ತೇನೆಂದು ಹೊಡೆಯುವ, ಕಟ್ಟುವ, ಮೆಣಸಿನಕಾಯಿ ಹೊಗೆ ಹಾಕುವ ಹಕ್ಕು ಮಾತ್ರ ಯಾರಿಗೂ ಇಲ್ಲ. ಮಹಾರಾಷ್ಟ್ರದ ಮಾಟಮಂತ್ರ ವಿರೋಧಿ ಕಾಯಿದೆಯ ಪರಿಶಿಷ್ಟದಲ್ಲಿ ಮೊದಲ ಸಾಲಿನಲ್ಲೇ ಇರುವುದು ಇದೇ ನಿಷೇಧ. ಅದಕ್ಕಾಗಿ ವರ್ಷಗಟ್ಟಲೆ ಹೋರಾಡಿದ ಸಾತಾರೆಯ ವೈದ್ಯ ನರೇಂದ್ರ ದಾಭೋಲಕರ್ 2013ರ ಆಗಸ್ಟ್ 20ರಂದು ಪುಣೆಯಲ್ಲಿ ಗುಂಡಿಗೆ ಬಲಿಯಾದ ಮೇಲೆಯೇ, ಅದೇ ಡಿಸೆಂಬರಿನಲ್ಲಿ, ಕಾಯಿದೆ ಆಯಿತು.

ಕರೆಂಟು, ಕಾನೂನು, ನಿಯಮ

1982ರಲ್ಲಿ ಬ್ರಿಟಿಷ್ ಪತ್ರಿಕೆಯೊಂದರಲ್ಲಿ ಬೆಂಗಳೂರಿನಿಂದ ಒಂದು ಪ್ರಬಂಧ ಬಂತು. ಬರೆದವರು ಆಗಿನ್ನೂ ಎಳೆಯರಾಗಿದ್ದ ಡಾ. ಬಿ.ಎನ್. ಗಂಗಾಧರ್, ಜೊತೆಗೆ ಕಪೂರ್ ಮತ್ತು ಕಲ್ಯಾಣಸುಂದರಂ. ತೀವ್ರ ಖಿನ್ನತೆಗೆ ಕರೆಂಟ್ ಚಿಕಿತ್ಸೆ ಮೇಲೋ, ಇಮಿಪ್ರಮಿನ್ ಮಾತ್ರೆ ಮೇಲೋ ಎಂಬುದು ಪ್ರಶ್ನೆ. ಒಂದು ಗುಂಪಿಗೆ ನಿಜವಾದ ಕರೆಂಟು, ಹುಸಿ ಮಾತ್ರೆ. ಇನ್ನೊಂದಕ್ಕೆ ಕರೆಂಟು ಹರಿಸದ ಹುಸಿ ಚಿಕಿತ್ಸೆ, ನಿಜವಾದ ಮಾತ್ರೆ. ಯಾರಿಗೆ ಯಾವುದು ಎಂದು ಪರೀಕ್ಷಿಸುವವರಿಗೂ ಗೊತ್ತಿಲ್ಲ. ಇಂಥ ಪ್ರಯೋಗಕ್ಕೆ ನಿಯಮದ ಚೌಕಟ್ಟೂ ಆಗಿನ್ನೂ ಹೊಸದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಅಧ್ಯಕ್ಷತೆಯ ಸಮಿತಿಯ ಮೂಲಕ ಮನುಷ್ಯರ ಮೇಲಿನ ಸಂಶೋಧನೆಗೆ ನೀತಿಸೂತ್ರ ರೂಪಿಸಿ ಆಗ ಕೇವಲ ಎರಡು ವರ್ಷವಾಗಿತ್ತು.

ಗಂಗಾಧರ್ ಮುಂದಿನ ದಶಕಗಳಲ್ಲಿ ಕರೆಂಟ್ ಚಿಕಿತ್ಸೆಯನ್ನು ಹೆಚ್ಚು ಸುರಕ್ಷಿತಗೊಳಿಸುವ ಸಂಶೋಧನೆಯಲ್ಲೂ, ಯೋಗವನ್ನು ಚಿಕಿತ್ಸೆಯಾಗಿ ಒರೆಗೆ ಹಚ್ಚುವ ಕೆಲಸದಲ್ಲೂ ತೊಡಗಿದರು. 2000ರಲ್ಲಿ ಡಾ. ಜಾನಕಿರಾಮಯ್ಯ ಅವರೊಂದಿಗೆ ಪ್ರಕಟಿಸಿದ ಅಧ್ಯಯನದಲ್ಲಿ 45 ಖಿನ್ನತೆಯ ರೋಗಿಗಳನ್ನು ಮೂರು ಗುಂಪು ಮಾಡಿದ್ದರು. ಕರೆಂಟ್ ಚಿಕಿತ್ಸೆಯಲ್ಲಿ ನೂರಕ್ಕೆ 93, ಮಾತ್ರೆಯಲ್ಲಿ 73, ಸುದರ್ಶನ ಕ್ರಿಯೆಯಲ್ಲಿ 67 ಜನ ಚೇತರಿಸಿಕೊಂಡಿದ್ದರು. ಯೋಗದ ಮೇಲಿನ ಒಲವು ಅಂಕಿಯನ್ನು ಬಗ್ಗಿಸಲಿಲ್ಲ. ಸಂಶೋಧಕನ ನೀತಿ ಎಂದರೆ ಬಹುಮಟ್ಟಿಗೆ ಇಷ್ಟೇ. 2020ರಲ್ಲಿ ಅವರಿಗೂ ಪದ್ಮಶ್ರೀ ಬಂತು.

ಕರೆಂಟ್ ಚಿಕಿತ್ಸೆಯ ಇನ್ನೊಂದು ಮುಖ ನ್ಯಾಯಾಲಯದಲ್ಲಿತ್ತು. ಅರಿವಳಿಕೆ ಇಲ್ಲದೆ, ಸ್ನಾಯು ಸಡಿಲಿಸುವ ಔಷಧವಿಲ್ಲದೆ ನೇರವಾಗಿ ಕರೆಂಟು ಕೊಡುವ ಪದ್ಧತಿ ಅರಿವಳಿಕೆ ತಜ್ಞರಿಲ್ಲದ ಊರುಗಳಲ್ಲಿ ಉಳಿದಿತ್ತು. ಹೀಗೆ ಕೊಟ್ಟರೆ ಮೂಳೆ ಮುರಿಯಬಹುದು, ಭಯ ಉಳಿಯಬಹುದು ಎಂದು ಒಬ್ಬರು. ಸೌಲಭ್ಯವಿಲ್ಲದ ಕಡೆ ನಿಷೇಧಿಸಿದರೆ ಆತ್ಮಹತ್ಯೆಯ ಅಂಚಿನ ರೋಗಿ ಸಾಯುತ್ತಾನೆ ಎಂದು ಇನ್ನೊಬ್ಬರು. ಎರಡೂ ಕಡೆ ಪ್ರಾಮಾಣಿಕ ವೈದ್ಯರಿದ್ದರು.

ಈ ವಾದಗಳೆಲ್ಲ ಬಂದು ಸೇರಿದ್ದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯಲ್ಲಿ. ಅಂಗವಿಕಲರ ಹಕ್ಕುಗಳ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಭಾರತ 2007ರಲ್ಲಿ ಅನುಮೋದಿಸಿದ ಮೇಲೆ ಹಳೆಯ ಕಾಯಿದೆ ನಿಲ್ಲುವಂತಿರಲಿಲ್ಲ. ಕರಡು ರೂಪಿಸುವಲ್ಲಿ ಪುಣೆಯ ಮನೋವೈದ್ಯ ಡಾ. ಸೌಮಿತ್ರ ಪಠಾರೆ ಅವರ ಪಾತ್ರ ದೊಡ್ಡದು. ಅದೇ ಪುಣೆಯಲ್ಲಿ ಬಾಪು ಟ್ರಸ್ಟ್ ಕಟ್ಟಿದ ಭಾರ್ಗವಿ ದಾವರ್, ಬಲವಂತದ ದಾಖಲಾತಿ ಯಾವ ಹೆಸರಿನಲ್ಲೂ ಬೇಡವೆಂದು ಇನ್ನೂ ಮುಂದಕ್ಕೆ ಎಳೆದರು. ಅನೇಕ ಮನೋವೈದ್ಯರು, ರೋಗಿಗಳ ಮನೆಯವರು ಹಿಂದಕ್ಕೆ ಎಳೆದರು: ರೋಗವೇ ಇಲ್ಲವೆನ್ನುವ ಮಗನನ್ನು ಆಸ್ಪತ್ರೆಗೆ ಕರೆದೊಯ್ಯುವುದು ಹೇಗೆ?

2018ರ ಮೇ 29ರಂದು ಜಾರಿಗೆ ಬಂದ ಕಾಯಿದೆ ಪ್ರತಿಯೊಬ್ಬ ರೋಗಿಗೂ ತೀರ್ಮಾನಿಸುವ ಶಕ್ತಿ ಇದೆ ಎಂದೇ ಆರಂಭಿಸುತ್ತದೆ. ಅವನ ತೀರ್ಮಾನ ಬೇರೆಯವರಿಗೆ ತಪ್ಪಾಗಿ ಕಂಡ ಮಾತ್ರಕ್ಕೆ ಅವನಿಗೆ ಶಕ್ತಿ ಇಲ್ಲವೆನ್ನುವಂತಿಲ್ಲ. ಅರಿವಳಿಕೆ ಇಲ್ಲದ ಕರೆಂಟ್ ಚಿಕಿತ್ಸೆ ಮತ್ತು ಯಾವುದೇ ಬಗೆಯ ಸರಪಳಿ 95ನೇ ಕಲಮಿನಲ್ಲಿ ನಿಷಿದ್ಧ. ಮುಂದಿನ ಕಲಮು ಮಿದುಳಿನ ಶಸ್ತ್ರಚಿಕಿತ್ಸೆಯದು. ಅದಕ್ಕೆ ರೋಗಿಯ ತಿಳಿದು ಕೊಟ್ಟ ಒಪ್ಪಿಗೆ ಬೇಕು, ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಯ ಅನುಮತಿಯೂ ಬೇಕು. ಗೋವಿಂದಸ್ವಾಮಿಯವರ ಲ್ಯಾನ್ಸೆಟ್ ವರದಿಯಿಂದ ಈ ಕಲಮಿಗೆ 73 ವರ್ಷಗಳ ದಾರಿ.

2020ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ರಚನೆಯಾದಾಗ ಅದರ ನೀತಿ ಮತ್ತು ನೋಂದಣಿ ಮಂಡಳಿಯ ಅಧ್ಯಕ್ಷತೆ ಗಂಗಾಧರ್ ಅವರಿಗೆ ಬಂತು. ಇಡೀ ದೇಶದ ಎಲ್ಲ ಬಗೆಯ ವೈದ್ಯರ ನಡತೆಗೆ ನಿಯಮ ಬರೆಯುವ ಹೊಣೆ ಒಬ್ಬ ಮನೋವೈದ್ಯನ ಮೇಜಿಗೆ ಬಂದದ್ದು ವಿಶೇಷ. ಜನರಿಕ್ ಹೆಸರಿನಲ್ಲೇ ಔಷಧ ಬರೆಯಬೇಕು, ಔಷಧ ಕಂಪನಿಗಳ ಉಡುಗೊರೆ ಮುಟ್ಟಬಾರದು, ಅವರ ಖರ್ಚಿನ ಸಮಾವೇಶಕ್ಕೆ ಹೋಗಬಾರದು ಎಂಬ ನಿಯಮಾವಳಿ 2023ರ ಆಗಸ್ಟ್ 2ರಂದು ಹೊರಬಿತ್ತು. ವೈದ್ಯರ ಸಂಘಟನೆಗಳು ಸಿಡಿದೆದ್ದವು. ಆಗಸ್ಟ್ 23ರಂದು ಆಯೋಗವೇ ಅದನ್ನು ತಡೆಹಿಡಿಯಿತು, 2002ರ ಹಳೆಯ ನಿಯಮಗಳು ಮತ್ತೆ ಬಂದವು. ಬಡ ರೋಗಿಯ ಹಕ್ಕಿನ ಬಗ್ಗೆ ದನಿ ಎತ್ತುವುದು ಸುಲಭ, ವೃತ್ತಿಯ ಲಾಭಕ್ಕೆ ಕೈಹಾಕುವುದು ಕಷ್ಟ ಎಂದು ಆ ಮೂರು ವಾರಗಳು ಹೇಳಿದವು. ಗಂಗಾಧರ್ ಮುಂದೆ ಆಯೋಗದ ಅಧ್ಯಕ್ಷರೇ ಆದರು.

ಎಂಐಡಿಸಿಯ ಲೆಕ್ಕ

ಇಷ್ಟೆಲ್ಲ ಆದ ಮೇಲೆ ಸೋಲಾಪುರದ ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ವಸಾಹತಿನ ಟವೆಲ್ ಕಾರ್ಖಾನೆಯ ಕೆಲಸಗಾರನಿಗೆ ಏನು ದಕ್ಕಿತು? ನಿಮ್ಹಾನ್ಸ್ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಬೇರೆಬೇರೆ ಕಾಯಿಲೆಗಳಲ್ಲಿ ನೂರಕ್ಕೆ 70ರಿಂದ 92ರಷ್ಟು ಜನ ಚಿಕಿತ್ಸೆಯಿಲ್ಲದೆ ಉಳಿದಿದ್ದರು. ಪಾಳಿ ತಪ್ಪಿದರೆ ಆ ದಿನದ ಕೂಲಿ ಹೋಗುತ್ತದೆ. ಪುಣೆಗೋ ಬೆಂಗಳೂರಿಗೋ ಹೋಗಿ ಬರಲು ರೋಗಿಯ ಜೊತೆ ಇನ್ನೊಬ್ಬನ ಕೂಲಿಯೂ ಹೋಗಬೇಕು. ಅಂಥವನಿಗೆ ಚಿಕಿತ್ಸೆ ನಿರಾಕರಿಸುವ ಹಕ್ಕಿಗಿಂತ ಮೊದಲು ಬೇಕಾದದ್ದು, ಸೋಲಾಪುರದ ಸಿವ್ಹಿಲ್ ಆಸ್ಪತ್ರೆಯಲ್ಲೋ ಅಕ್ಕಲಕೋಟದ ಸರಕಾರಿ ದವಾಖಾನೆಯಲ್ಲೋ ತಿಂಗಳ ಮಾತ್ರೆ ತಪ್ಪದೆ ಸಿಗುವುದು, ಕಾಯಿಲೆಯನ್ನು ಕನ್ನಡದಲ್ಲೋ ಮರಾಠಿಯಲ್ಲೋ ತೆಲುಗಿನಲ್ಲೋ ವಿವರಿಸುವ ಒಬ್ಬರು ಎದುರು ಕೂರುವುದು. ಕಾಯಿದೆಯ 18ನೇ ಕಲಮು ಚಿಕಿತ್ಸೆಯನ್ನೇ ಹಕ್ಕೆಂದು ಸಾರಿದೆ. ಬಳ್ಳಾರಿ 1985–90ರಲ್ಲೇ ಅದನ್ನು ಮಾಡಿ ತೋರಿಸಿತ್ತು. ಈ ಎರಡನ್ನೂ ಜೋಡಿಸುವ ಕೆಲಸ ಇನ್ನು ವೈದ್ಯರೊಬ್ಬರದೇ ಅಲ್ಲ. ಜಿಲ್ಲಾ ಪರಿಷತ್ತು, ಮಹಾನಗರಪಾಲಿಕೆ, ಶಾಸಕರನ್ನೂ ಕೇಳಬೇಕಾದ ಲೆಕ್ಕ ಅದು.

ಮನೆಯವರು ಇಂದೇ ಮಾಡಬಹುದಾದ ಒಂದು ಕೆಲಸವೂ ಉಂಟು. ಕಾಯಿಲೆ ಮರುಕಳಿಸಿ ತನಗೆ ತೋಚದಂತಾದಾಗ ತನ್ನ ಪರವಾಗಿ ಮಾತಾಡುವವರು ಯಾರು ಎಂಬುದನ್ನು, ಚೆನ್ನಾಗಿರುವಾಗಲೇ ರೋಗಿ ಗೊತ್ತುಮಾಡಬಹುದು. ಅಪ್ಪನೇ ಆಗಬೇಕೆಂದಿಲ್ಲ, ತಂಗಿಯಾಗಬಹುದು, ಜೊತೆಗೆ ಮಗ್ಗ ನಡೆಸುವ ಗೆಳೆಯನಾಗಬಹುದು. 14ನೇ ಕಲಮು ಅದಕ್ಕೆ ಕೇಳುವುದು ಒಂದು ಬಿಳಿ ಹಾಳೆ, ಅದರ ಮೇಲೆ ರೋಗಿಯ ಸಹಿ ಅಥವಾ ಹೆಬ್ಬೆಟ್ಟು. ಸ್ಟ್ಯಾಂಪ್ ಪೇಪರು, ವಕೀಲರ ಫೀಸು, ಮ್ಯಾಜಿಸ್ಟ್ರೇಟರ ಮೊಹರು ಯಾವುದೂ ಬೇಕಿಲ್ಲ. ನೂರು ವರ್ಷ ಜಗಳಾಡಿ ಗಳಿಸಿದ ಈ ಹಕ್ಕು ಗೊತ್ತಿರುವವರು ನಮ್ಮ ಊರುಗಳಲ್ಲಿ ಎಷ್ಟು ಮಂದಿ ಎಂಬುದರ ಮೇಲೆಯೇ ಅದರ ಬೆಲೆ ನಿಂತಿದೆ.